ಮರಗೆತ್ತನೆ ಯಂತ್ರ ಚಾಲೂ ಆಗದಿದ್ದರೆ: ಗೃಹೋದ್ಯಮಿ ಅನುಸರಿಸಬೇಕಾದ ಕ್ರಮ

ಮರಗೆತ್ತನೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಾಗರ, ಸೊರಬಗಳ ಗುಡಿಗಾರರ ಉಳಿಯ ಕೆಲಸ. ಆ ಕೈಚಳಕಕ್ಕೆ ಸಾಟಿಯಿಲ್ಲ. ಆದರೆ ನಾಮಫಲಕ, ಬಾಗಿಲಿನ ಹಲಗೆ, ದೇವರ ಮಂಟಪದ ಹೂಬಳ್ಳಿಯಂತಹ ಒಂದೇ ಬಗೆಯ ಕೆಲಸಗಳಿಗಾಗಿ ಕಂಪ್ಯೂಟರ್ ನಿಯಂತ್ರಿತ ಪುಟ್ಟ ಕೆತ್ತನೆ ಯಂತ್ರಗಳು ಈಗ ಮನೆಗಳಿಗೂ ಬಂದಿವೆ. ಒಬ್ಬರೇ ನಡೆಸುವ ಇಂತಹ ಘಟಕದಲ್ಲಿ ಯಂತ್ರವೇ ಬಂಡವಾಳ, ಯಂತ್ರವೇ ಕೆಲಸಗಾರ. ಬೆಳಿಗ್ಗೆ ಸ್ವಿಚ್ ಒತ್ತಿದಾಗ ದೀಪ ಬೆಳಗದಿದ್ದರೆ ಅಂದಿನ ಸಂಪಾದನೆ ನಿಲ್ಲುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಇಂತಹ ಸಂದರ್ಭದಲ್ಲಿ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಪೆಟ್ಟಿಗೆ ಬಿಚ್ಚುತ್ತಾರೆ. ಇದರಿಂದ ಜೀವಕ್ಕೂ ವಾರಂಟಿಗೂ ಅಪಾಯ. ಮತ್ತೆ ಕೆಲವರು ಏನನ್ನೂ ನೋಡದೆ ಮೆಕ್ಯಾನಿಕ್‌ನ ಹಾದಿ ಕಾಯುತ್ತಾರೆ. ಇದರಿಂದ ದಿನಗಳು ನಷ್ಟವಾಗುತ್ತವೆ. ಹೊರಗಿನಿಂದ ಒಳಕ್ಕೆ, ಗೋಡೆಯಿಂದ ಯಂತ್ರದ ಕಡೆಗೆ ಒಂದು ಕ್ರಮದಲ್ಲಿ ಪರಿಶೀಲಿಸುತ್ತ ಹೋಗುವುದು ಇವೆರಡಕ್ಕಿಂತ ಮೇಲು. ಅದಕ್ಕೆ ಅರ್ಧ ಗಂಟೆ ಸಾಕು.

ನಿಂತ ಯಂತ್ರದ ಲೆಕ್ಕ

ಉದಾಹರಣೆಗೆ, ಯಂತ್ರದ ಬೆಲೆ 1,20,000 ರೂ. ಎಂದಿಟ್ಟುಕೊಳ್ಳೋಣ. ಶೇ. 15ರಂತೆ ಮೊದಲ ವರ್ಷದ ಸವಕಳಿ 18,000 ರೂ. ವರ್ಷಕ್ಕೆ 300 ಕೆಲಸದ ದಿನಗಳೆಂದರೆ ದಿನಕ್ಕೆ 60 ರೂ. ಮಾತ್ರ. ಇದನ್ನಷ್ಟೇ ನೋಡಿದವರಿಗೆ ಯಂತ್ರ ನಿಂತ ನಷ್ಟ ಅಲ್ಪವೆನಿಸುತ್ತದೆ. ಆದರೆ ದಿನಕ್ಕೆ 1,500 ರೂ. ಬೆಲೆಯ ಕೆಲಸವಾಗುತ್ತಿದ್ದು, ಮರ ಮತ್ತು ವಿದ್ಯುತ್ತಿಗೆ 500 ರೂ. ಖರ್ಚಾಗುತ್ತಿದ್ದರೆ, ಪ್ರತಿದಿನದ ನಿಜವಾದ ನಷ್ಟ 1,000 ರೂ. ಎಂಟು ದಿನ ಕಾದರೆ 8,000 ರೂ. ಹಬ್ಬ, ಮದುವೆ, ಗೃಹಪ್ರವೇಶಗಳ ಬೇಡಿಕೆಯಾದರೆ ತಪ್ಪಿದ ಗ್ರಾಹಕ ಮರಳಿ ಬರುವನೆಂಬ ಭರವಸೆಯೂ ಇಲ್ಲ.

ಮೊದಲು ಗೋಡೆ

ಯಂತ್ರದ ಪ್ಲಗ್ಗನ್ನು ಕಿತ್ತು, ಅದೇ ಸಾಕೆಟ್ಟಿಗೆ ಚೆನ್ನಾಗಿ ಕೆಲಸ ಮಾಡುವ ಬೇರೊಂದು ಉಪಕರಣವನ್ನು ಜೋಡಿಸಿ ನೋಡಬೇಕು. ಕೇವಲ ಟೆಸ್ಟರಿನ ದೀಪವನ್ನು ನಂಬಬಾರದು. ಫೇಸ್ ಇದ್ದು ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರ್ ಉರಿಯುತ್ತದೆ, ಯಂತ್ರ ಮಾತ್ರ ಚಾಲೂ ಆಗುವುದಿಲ್ಲ. ಸಾಕೆಟ್ಟಿನಲ್ಲೇ ವಿದ್ಯುತ್ ಇಲ್ಲದಿದ್ದರೆ ಎಂಸಿಬಿ, ಆರ್‌ಸಿಸಿಬಿಗಳನ್ನು ನೋಡಬೇಕು. ಬಿದ್ದ ಸ್ವಿಚ್ಚನ್ನು ಒಮ್ಮೆ ಏರಿಸಬಹುದು. ಮತ್ತೆ ಬಿದ್ದರೆ ಪದೇ ಪದೇ ಏರಿಸುವುದು ಸಲ್ಲದು. ಎಲ್ಲೋ ಶಾರ್ಟ್ ಅಥವಾ ಸೋರಿಕೆ ಇದೆಯೆಂಬ ಸೂಚನೆ ಅದು. ಇಡೀ ಮನೆಗೇ ವಿದ್ಯುತ್ ಸರಿಯಾಗಿ ಬರುತ್ತಿಲ್ಲವಾದರೆ 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿಗೆ ದೂರು ನೀಡಬೇಕು.

ಸ್ಟೆಬಿಲೈಸರ್ ಇದ್ದಲ್ಲಿ ಅದರ ಮೇಲೂ ಒಂದು ಕಣ್ಣಿಡಬೇಕು. ವೋಲ್ಟೇಜ್ ಮಿತಿ ಮೀರಿದಾಗ ಅದು ಸರಬರಾಜನ್ನು ತಾನೇ ಕಡಿಯುತ್ತದೆ. ಅನೇಕ ಸ್ಟೆಬಿಲೈಸರ್‌ಗಳು ವಿದ್ಯುತ್ ಮರಳಿದ ಮೇಲೂ ಕೆಲವು ನಿಮಿಷ ತಡೆದು ಬಿಡುತ್ತವೆ. ಉದ್ದನೆಯ, ತೆಳು ತಂತಿಯ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ಪರೀಕ್ಷಿಸುವುದು ಸೂಕ್ತ.

ಯಂತ್ರ ತಾನೇ ತಡೆದಿರಬಹುದು

ಯಂತ್ರದ ಹತ್ತಿರ ಬಂದಾಗ ಮೊದಲು ಗಮನಿಸಬೇಕಾದದ್ದು ಕೆಂಪು ಎಮರ್ಜೆನ್ಸಿ ಗುಂಡಿ. ಕೈ ತಾಗಿ ಒತ್ತಿಹೋದ ಗುಂಡಿ ಸಾಮಾನ್ಯವಾಗಿ ತಿರುಗಿಸುವವರೆಗೆ ಮೇಲೇಳುವುದಿಲ್ಲ. ಮುಚ್ಚಳವಿರುವ ಯಂತ್ರಗಳಲ್ಲಿ ಅದು ಪೂರ್ಣ ಮುಚ್ಚಿಕೊಳ್ಳದಿದ್ದರೆ ಕೆತ್ತನೆ ಆರಂಭವಾಗದಂತೆ ಸುರಕ್ಷಾ ಸ್ವಿಚ್ ಇರುತ್ತದೆ. ಅದರ ಸಂದಿಯಲ್ಲಿ ಮರದ ಹುಡಿ ತುಂಬಿಕೊಂಡರೆ ಮುಚ್ಚಿದ ಮುಚ್ಚಳವೂ ತೆರೆದಂತೆಯೇ. ಪ್ಲಗ್ ತೆಗೆದು, ಒಣ ಬ್ರಷ್ಷಿನಿಂದ ಹುಡಿ ತೆಗೆಯುವುದು ಕ್ಷೇಮ. ಸುರಕ್ಷಾ ಸ್ವಿಚ್ಚನ್ನು ತಂತಿ ಹಾಕಿ ತಪ್ಪಿಸುವ ಉಪಾಯವನ್ನು ಯಾರೇ ಹೇಳಿದರೂ ಕೇಳಬಾರದು. ತಿರುಗುವ ಕೆತ್ತನೆ ಬಿಟ್ ಬೆರಳನ್ನೂ ಮರವನ್ನೂ ಬೇರೆ ಎಂದು ಅರಿಯದು.

ಅನೇಕ ಯಂತ್ರಗಳಲ್ಲಿ ವಿದ್ಯುತ್ ತಂತಿ ಸೇರುವ ಜಾಗದಲ್ಲೇ ಪುಟ್ಟ ಗಾಜಿನ ಫ್ಯೂಸ್ ಇರುತ್ತದೆ. ಸುಟ್ಟಿದ್ದರೆ ಅದೇ ಆಂಪಿಯರ್‌ನ, ಅದೇ ಬಗೆಯ ಫ್ಯೂಸನ್ನು ಒಮ್ಮೆ ಹಾಕಿ ನೋಡಬಹುದು. ಎರಡನೆಯದೂ ಸುಟ್ಟರೆ ದೋಷ ಒಳಗಿದೆ ಎಂದರ್ಥ. ಫ್ಯೂಸಿನ ಬದಲು ತಾಮ್ರದ ತಂತಿ ಸುತ್ತುವ ಹಳೆಯ ಅಭ್ಯಾಸ ನೂರು ರೂಪಾಯಿಯೊಳಗೆ ಮುಗಿಯುವ ದುರಸ್ತಿಯನ್ನು ಸಾವಿರಾರು ರೂಪಾಯಿಗೆ ಏರಿಸುತ್ತದೆ. ವಿದೇಶದಿಂದ ತರಿಸಿದ ಯಂತ್ರವಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಕೆಲವು ಪವರ್ ಸಪ್ಲೈಗಳಲ್ಲಿ 115 ಮತ್ತು 230 ಎಂಬ ಆಯ್ಕೆಯ ಸ್ವಿಚ್ ಇರುತ್ತದೆ. ನಮ್ಮ ಮನೆಗಳ ಸರಬರಾಜು 230 ವೋಲ್ಟ್. ಸ್ವಿಚ್ 115ರಲ್ಲಿದ್ದರೆ ಮೊದಲ ಬಾರಿ ಒತ್ತಿದಾಗಲೇ ಪವರ್ ಸಪ್ಲೈ ಸುಡಬಹುದು.

ದೀಪ ಉರಿದರೂ ಯಂತ್ರ ನಿಂತಿದ್ದರೆ

ನಿಯಂತ್ರಣ ಬೋರ್ಡಿನ ದೀಪ ಉರಿಯುತ್ತಿದೆ, ಯಂತ್ರ ಅಲುಗುತ್ತಿಲ್ಲ ಎಂಬುದು ಸಾಮಾನ್ಯ ದೂರು. ಹಲವು ಪುಟ್ಟ ಯಂತ್ರಗಳಲ್ಲಿ ಆ ದೀಪಕ್ಕೆ ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ ಬರುವ 5 ವೋಲ್ಟ್ ಸಾಕು. ಯುಎಸ್‌ಬಿ ತಂತಿ ಕಳಚಿದೊಡನೆ ದೀಪ ಆರಿದರೆ, ಮೋಟಾರುಗಳಿಗೆ ವಿದ್ಯುತ್ ಕೊಡಬೇಕಾದ ಮುಖ್ಯ ಪವರ್ ಸಪ್ಲೈ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬಹುದು. ಯಂತ್ರದ ತಲೆ ಅತ್ತಿತ್ತ ಓಡಾಡಿಯೂ ಬಿಟ್ ತಿರುಗದಿದ್ದರೆ ದೋಷ ಸ್ಪಿಂಡಲ್ ಕಡೆಗಿದೆ; ಕಾರ್ಬನ್ ಬ್ರಷ್ ಇರುವ ಮೋಟಾರಾದರೆ ಅದು ಸವೆದಿರುವ ಸಾಧ್ಯತೆ ಹೆಚ್ಚು. ಇಷ್ಟು ವಿವರ ಫೋನಿನಲ್ಲಿ ಹೇಳಬಲ್ಲ ಮಾಲೀಕನಿಗೆ ಮೆಕ್ಯಾನಿಕ್ ಸರಿಯಾದ ಬಿಡಿಭಾಗದೊಡನೆಯೇ ಬರುತ್ತಾನೆ, ಎರಡು ಭೇಟಿಯ ಬದಲು ಒಂದೇ ಸಾಕಾಗುತ್ತದೆ.

ಮಾಲೀಕರ ಪರಿಶೀಲನೆ ಇಲ್ಲಿಗೆ ಮುಗಿಯಬೇಕು. ಪವರ್ ಸಪ್ಲೈ ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ನೇರ ವಿದ್ಯುತ್ ಶೇಖರವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲಕಾಲ ಅದು ಉಳಿಯಬಹುದು. ಆ ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಬಲ್ಲ ತಂತ್ರಜ್ಞರದು.

ದಾಖಲೆ ಮತ್ತು ಹಕ್ಕು

ವಾರಂಟಿ ಅವಧಿಯಲ್ಲಿ ಯಂತ್ರ ನಿಂತರೆ ದಿನಾಂಕ, ಕಂಡ ಲಕ್ಷಣ, ಮಾಡಿದ ಪರಿಶೀಲನೆಗಳನ್ನು ಬರೆದಿಟ್ಟು, ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಬೇಕು. ಬಿಲ್ಲು, ವಾರಂಟಿ ಪತ್ರ, ಯಂತ್ರದ ಕ್ರಮಸಂಖ್ಯೆ ಒಂದೇ ಕಡತದಲ್ಲಿರಬೇಕು.

ವ್ಯಾಪಾರಕ್ಕೆ ಕೊಂಡ ಯಂತ್ರಕ್ಕೆ ಗ್ರಾಹಕ ಕಾನೂನು ಅನ್ವಯಿಸದೆಂದು ಹಲವರು ಕೈಬಿಡುತ್ತಾರೆ. ಆದರೆ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಸ್ವಯಂ ಉದ್ಯೋಗದಿಂದ ಜೀವನ ನಡೆಸುವುದಕ್ಕಾಗಿಯೇ ಕೊಂಡು ತಾನೇ ಬಳಸುವ ವಸ್ತು ‘ವಾಣಿಜ್ಯ ಉದ್ದೇಶ’ದಲ್ಲಿ ಸೇರುವುದಿಲ್ಲ. ಮನೆಯಲ್ಲಿ ಒಬ್ಬರೇ ಕೆತ್ತನೆ ನಡೆಸುವವರಿಗೆ ಇದು ದೊಡ್ಡ ಆಸರೆ. ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ವ್ಯಾಜ್ಯ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು.

ವಿಮೆಯ ವಿಷಯದಲ್ಲೂ ಭ್ರಮೆ ಬೇಡ. ಯಂತ್ರದೊಳಗಿನ ಶಾರ್ಟ್‌ನಿಂದ ಆ ಯಂತ್ರಕ್ಕೇ ಆದ ಹಾನಿಯನ್ನು ಸಾಮಾನ್ಯ ಬೆಂಕಿ ವಿಮೆ ಭರಿಸುವುದಿಲ್ಲ. ಅದಕ್ಕೆ ಯಂತ್ರ ಕೆಡುವಿಕೆಯ ಪ್ರತ್ಯೇಕ ವಿಮೆಯುಂಟು. ಪಾಲಿಸಿಯ ಹೊರತುಗಳ ಪಟ್ಟಿಯನ್ನು ಕಂತು ಕಟ್ಟುವ ಮೊದಲೇ ಓದಿಕೊಳ್ಳಬೇಕು.

ಕೊನೆಯದಾಗಿ, ತಮ್ಮ ಯಂತ್ರಕ್ಕೆ ಹೊಂದುವ ನಾಲ್ಕು ಫ್ಯೂಸ್, ಒಂದು ಜೊತೆ ಕಾರ್ಬನ್ ಬ್ರಷ್, ಸಾಧ್ಯವಾದರೆ ಒಂದು ಹೆಚ್ಚುವರಿ ಪವರ್ ಸಪ್ಲೈ ದಾಸ್ತಾನಿನಲ್ಲಿರಲಿ. ಪವರ್ ಸಪ್ಲೈಗೆ 3,000 ರೂ. ತಗುಲಿದರೂ ಮೇಲಿನ ಲೆಕ್ಕದಂತೆ ಅದು ಮೂರು ದಿನಗಳ ನಷ್ಟಕ್ಕೆ ಸಮ. ಮೇಲೆ ಹೇಳಿದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದರೆ, ಮಾಲೀಕರು ಊರಲ್ಲಿಲ್ಲದ ದಿನವೂ ಮನೆಯವರು ಗಾಬರಿಯಿಲ್ಲದೆ ಅದನ್ನು ಅನುಸರಿಸಬಹುದು.