ಅರ್ಧ ನನ್ನದು, ಅರ್ಧ ನಿನ್ನದು: ಬಾಲಿ ಮಕ್ಕಳ ಗಮೆಲಾನ್ ಪಾಠ

ಇವತ್ತು ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಹೋಗೋಣ. ಅಲ್ಲಿನ ಮಕ್ಕಳು ಗಮೆಲಾನ್ ಹೇಗೆ ಕಲೀತಾರೆ ಅಂತ ತಿಳಿಯೋಣ.

ಗಮೆಲಾನ್ ಅಂದ್ರೆ ಒಂದು ವಾದ್ಯ ಅಲ್ಲ, ಇಡೀ ವಾದ್ಯಮೇಳ. ಕಂಚಿನ ಪಟ್ಟಿಗಳ ವಾದ್ಯಗಳು, ಗಾಂಗ್‌ಗಳು, ಡೋಲುಗಳು ಎಲ್ಲಾ ಅದರಲ್ಲಿರುತ್ತವೆ. ಸಾಂಪ್ರದಾಯಿಕ ಪಾಠದಲ್ಲಿ ಪುಸ್ತಕ ಇರಲ್ಲ. ಗುರು ಅದೇ ವಾದ್ಯದ ಆಚೆ ಬದಿ, ಮಗುವಿಗೆ ಎದುರಾಗಿ ಕೂತು ನುಡಿಸ್ತಾರೆ. ಮಗು ನೋಡ್ತಾ, ಕೇಳ್ತಾ ಹಿಂಬಾಲಿಸುತ್ತೆ. ಇದಕ್ಕೆ ‘ಮಗುರು ಪಂಗುಲ್’ ಅಂತಾರೆ. ಪಂಗುಲ್ ಅಂದ್ರೆ ಬಾರಿಸೋ ಸುತ್ತಿಗೆ. ‘ಗುರು’ ನಮಗೂ ಗೊತ್ತಿರೋ ಪದವೇ, ಸಂಸ್ಕೃತದಿಂದ ಅಲ್ಲಿಗೆ ಹೋಗಿದೆ.

ಕಷ್ಟ ಶುರುವಾಗೋದು ‘ಕೊಟೆಕಾನ್’ನಲ್ಲಿ. ವೇಗದ ಒಂದೇ ಸ್ವರಸಾಲನ್ನು ಇಬ್ಬರು ಹಂಚಿಕೊಂಡು ನುಡಿಸಬೇಕು. ಒಬ್ಬರ ಪಾಲು ‘ಪೊಲೊಸ್’, ಇನ್ನೊಬ್ಬರದು ‘ಸಾಂಗ್ಸಿಹ್’. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬಬೇಕು. ಒಂದು ಮಗು ಎಷ್ಟೇ ಚೆನ್ನಾಗಿ ಬಾರಿಸಿದ್ರೂ, ಜೊತೆಗಾರ ಇಲ್ಲದಿದ್ರೆ ಕೇಳೋದು ಅರ್ಧ ಮಾತ್ರ.

ವಾದ್ಯಗಳಿಗೂ ಜೋಡಿ ಇದೆ. ಒಂದರ ಶ್ರುತಿ ಇನ್ನೊಂದಕ್ಕಿಂತ ಒಂಚೂರು ಮೇಲೆ. ಒಂದೇ ಸ್ವರವನ್ನು ಎರಡರಲ್ಲೂ ಬಾರಿಸಿದಾಗ ನಾದ ಅಲೆಅಲೆಯಾಗಿ ನಡುಗುತ್ತೆ. ಬಾಲಿಯವರು ಇದನ್ನ ‘ಓಂಬಾಕ್’, ಅಂದ್ರೆ ಅಲೆ, ಅಂತಾರೆ. ಒಂದನ್ನೇ ನುಡಿಸಿದ್ರೆ ಆ ಅಲೆ ಏಳಲ್ಲ.

2021ರಲ್ಲಿ ಯುನೆಸ್ಕೊ ಗಮೆಲಾನ್ ಅನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದ್ರೆ ಪಟ್ಟಿ ಸೇರಿದ ಮಾತ್ರಕ್ಕೆ ಸಂಗೀತ ಉಳಿಯಲ್ಲ. ವಾದ್ಯವನ್ನು ಮ್ಯೂಸಿಯಂನಲ್ಲಿ ಇಡಬಹುದು, ಧ್ವನಿಯನ್ನು ಫೋನಿನಲ್ಲಿ ತುಂಬಿಸಿಕೊಳ್ಳಬಹುದು. ಕೊಟೆಕಾನ್ ಕಲಿಯೋಕೆ ಮಾತ್ರ ಇಬ್ಬರು ಮಕ್ಕಳು ಒಟ್ಟಿಗೆ ಕೂರಲೇಬೇಕು.

ಇಯರ್‌ಫೋನ್ ಹಾಕ್ಕೊಂಡು ಒಮ್ಮೆ ಬಾಲಿಯ ಗಮೆಲಾನ್ ಕೇಳಿ. ಅಷ್ಟು ವೇಗದ ಸ್ವರಗಳು ಒಬ್ಬರ ಕೈಯಿಂದ ಬರ್ತಿಲ್ಲ ಅನ್ನೋದು ನೆನಪಿರಲಿ.