ಶೆಡ್ಡಿನಲ್ಲೇ ಸಿದ್ಧವಾಗುವ ವಿಮಾನ

ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟವಿಳಿದು ಭದ್ರಾವತಿಯ ಕುಲುಮೆ ಸೇರುತ್ತಿತ್ತು. ಆ ಕಬ್ಬಿಣದ ಕಾರ್ಖಾನೆ ಕಟ್ಟಿದ ಮೈಸೂರು ಸಂಸ್ಥಾನವೇ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಜತೆಗೂಡಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದಿತು. ವಿ.ಎಂ. ಘಾಟಗೆ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಲೋಹದ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಹಾರಿತು.

ಲೋಹದ ವಿಮಾನಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ನಕ್ಷೆ ಹರಡಿಕೊಂಡು ಮನೆಯ ಶೆಡ್ಡಿನಲ್ಲೇ ಕಟ್ಟುವವರು ಜಗತ್ತಿನಲ್ಲಿ ಸಾವಿರಾರು ಮಂದಿ. ಅವರಲ್ಲಿ ಅನೇಕರ ಮೆಚ್ಚಿನದು ಕ್ರಿಸ್ ಹೈಂಟ್ಸ್ 1980ರ ದಶಕದಲ್ಲಿ ವಿನ್ಯಾಸಗೊಳಿಸಿದ ಸಿಎಚ್ 701. ನಮ್ಮ ಎನ್‌ಸಿಸಿ ಕೆಡೆಟ್‌ಗಳೂ ಇದರಲ್ಲಿ ಹಾರಿದ್ದಾರೆ. ಎರಡೇ ಸೀಟು, ಚೌಕಾಕಾರದ ಒಡಲು. ಹೊದಿಕೆಯಲ್ಲಿ ಹೆಚ್ಚಿನ ಭಾಗ ಒಂದೇ ದಿಕ್ಕಿಗೆ ಬಾಗುವುದರಿಂದ ತಗಡನ್ನು ಬಡಿದು ಉಬ್ಬಿಸುವ ಕಷ್ಟವಿಲ್ಲ.

ಕೌಶಲವೆಲ್ಲ ತಗಡಿನ ಕೆಲಸದಲ್ಲಿದೆ. 6061-ಟಿ6 ಎಂಬ ಮಿಶ್ರಲೋಹದ ಹಾಳೆ, ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಅದರ ಮೇಲೆ ಮೊಳೆಯಿಂದ ಗೀರುವಂತಿಲ್ಲ. ಆ ಗೀರಿನಿಂದಲೇ ಮುಂದೆ ಬಿರುಕು ಶುರುವಾಗಬಹುದು. ಪೆನ್ಸಿಲ್ಲೂ ಬೇಡ, ಅದರ ಗ್ರಾಫೈಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಮಾರ್ಕರ್ ಪೆನ್ನೇ ಸರಿ. ರೆಕ್ಕೆಯ ಪಕ್ಕೆಲುಬುಗಳನ್ನು ಮರದ ಅಚ್ಚಿಗೆ ಬಿಗಿದು, ಮೆತ್ತನೆಯ ಸುತ್ತಿಗೆಯಿಂದ ಅಂಚು ಮಡಚುತ್ತಾರೆ. ಮಡಿಕೆ ತೀರಾ ಚೂಪಾದರೆ ಲೋಹ ಸೀಳುತ್ತದೆ. ತೂತು ಕೊರೆದ ಹಾಳೆಗಳನ್ನು ಕ್ಲೀಕೊ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ಮತ್ತೆ ಬಿಚ್ಚಿ, ತೂತಿನ ಅಂಚಿನ ಚೂರು ಕೆರೆದು, ಆಮೇಲೆ ರಿವೆಟ್. ಇದೇ ಕೆಲಸ ಸಾವಿರಾರು ಸಲ. ಇಲ್ಲಿ ತಾಳ್ಮೆಗಿಂತ ದೊಡ್ಡ ಉಪಕರಣವಿಲ್ಲ.

ಕರ್ನಾಟಕಕ್ಕೆ ಈ ಲೋಕ ಹೊಸತಲ್ಲ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಕಿಟ್‌ಗಳು, ಅಂದರೆ ಅಲ್ಯೂಮಿನಿಯಂ ಕೊಳವೆ ಮತ್ತು ಬಟ್ಟೆಯ ರೆಕ್ಕೆಗಳು, ಬ್ರಿಟನ್ನಿನ ಹವ್ಯಾಸಿಗಳ ಮನೆಗಳನ್ನು ತಲುಪಿ ಅಲ್ಲೇ ವಿಮಾನಗಳಾದವು.

ನಮ್ಮಲ್ಲಿ ಕಟ್ಟುವುದಕ್ಕಿಂತ ಹಾರಿಸಲು ಅನುಮತಿ ಪಡೆಯುವುದು ಕಷ್ಟ. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಸೀಟಿನ ವಿಮಾನಕ್ಕೆ ವರ್ಷಗಟ್ಟಲೆ ಅಲೆದಾಡಿದ ಮೇಲೆ, 2017ರಲ್ಲಿ ನೋಂದಣಿ ಸಿಕ್ಕಿತು. ಸುರಕ್ಷತೆಯ ತಪಾಸಣೆ ಕಟ್ಟುನಿಟ್ಟಾಗಿರಲೇಬೇಕು, ಆದರೆ ದಾರಿ ಸ್ಪಷ್ಟವಾಗಿರಬೇಕು.

ಇಡೀ ವಿಮಾನಕ್ಕೆ ಕೈಹಾಕುವ ಮೊದಲು ಬಾಲದ ಚುಕ್ಕಾಣಿಯೊಂದನ್ನು ಮಾಡಿ ನೋಡುವುದು ಹವ್ಯಾಸಿಗಳ ರೂಢಿ. ನಮ್ಮ ಐಟಿಐಗಳ ಫಿಟ್ಟರ್, ಶೀಟ್ ಮೆಟಲ್ ವಿದ್ಯಾರ್ಥಿಗಳ ಕೈಗೂ ಅಂಥ ಒಂದು ಚುಕ್ಕಾಣಿಯ ನಕ್ಷೆ ಕೊಡಿ. ತಗಡು, ಡ್ರಿಲ್, ರಿವೆಟ್ ಗನ್ ಅವರ ವರ್ಕ್‌ಶಾಪಿಗೆ ಹೊಸವಲ್ಲ.