ಲ್ಯಾಪ್‌ಟಾಪ್ ಸ್ಟ್ಯಾಂಡಿನ ಕೋನ ಮತ್ತು ಯಂತ್ರದ ತಂಪು: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಅನೇಕ ನಾಗರಿಕರು ಮನೆಯಿಂದಲೇ ಲ್ಯಾಪ್‌ಟಾಪ್ ಮೂಲಕ ಅರ್ಜಿ ಸಲ್ಲಿಸುತ್ತಿದ್ದಾರೆ. ಬೇಸಿಗೆಯಲ್ಲಿ ಯಂತ್ರವು ಅತಿಯಾಗಿ ಕಾದು ನಿಧಾನವಾಗುವುದು, ದಾಖಲೆಗಳನ್ನು ಅಪ್‌ಲೋಡ್ ಮಾಡುತ್ತಿರುವಾಗಲೇ ತಾನಾಗಿ ಸ್ಥಗಿತಗೊಳ್ಳುವುದು ಉಂಟು. ಕೊನೆಯ ದಿನಾಂಕದಂದು ಹೀಗಾದಲ್ಲಿ ಅರ್ಜಿದಾರರು ಸೌಲಭ್ಯದಿಂದ ವಂಚಿತರಾಗುವ ಸಂಭವವಿದೆ. ಯಂತ್ರವನ್ನು ಓರೆಯಾಗಿ ಇರಿಸುವುದರಿಂದ ಆಗುವ ಪ್ರಯೋಜನ ಮತ್ತು ಅದರ ಮಿತಿಯನ್ನು ಇಲ್ಲಿ ವಿವರಿಸಲಾಗಿದೆ.

ಯಂತ್ರವು ತಂಪಾಗುವ ಬಗೆ

ಬಹುತೇಕ ಲ್ಯಾಪ್‌ಟಾಪ್‌ಗಳ ತಳಭಾಗದಲ್ಲಿ ಗಾಳಿ ಒಳಸೇರುವ ಕಿಂಡಿಗಳಿರುತ್ತವೆ. ಒಳಗಿನ ಫ್ಯಾನ್ ಈ ಕಿಂಡಿಗಳ ಮೂಲಕ ಗಾಳಿಯನ್ನು ಎಳೆದುಕೊಂಡು, ಪ್ರೊಸೆಸರ್‌ನ ಶಾಖವನ್ನು ಹಿಂಬದಿಯ ಅಥವಾ ಪಕ್ಕದ ಕಿಂಡಿಯಿಂದ ಹೊರಹಾಕುತ್ತದೆ. ತಳದ ರಬ್ಬರ್ ಪಾದಗಳು ಮೇಜಿನಿಂದ ಕೆಲವೇ ಮಿಲಿಮೀಟರ್ ಅಂತರವನ್ನು ಮಾತ್ರ ಒದಗಿಸುತ್ತವೆ. ಹಾಸಿಗೆ, ದಿಂಬು ಅಥವಾ ಮಡಿಲಿನ ಮೇಲೆ ಇರಿಸಿದಾಗ ಈ ಅಂತರವೂ ಮುಚ್ಚಿಹೋಗುತ್ತದೆ. ಆಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಶಾಖ ಇನ್ನೂ ಏರಿದಲ್ಲಿ ಯಂತ್ರವು ಸ್ಥಗಿತಗೊಳ್ಳುತ್ತದೆ.

ಕೋನದ ಪಾತ್ರ

ಯಂತ್ರವನ್ನು ತಂಪಾಗಿಸುವುದು ಮುಖ್ಯವಾಗಿ ಕೋನವಲ್ಲ, ಕೋನದಿಂದ ತಳದಲ್ಲಿ ಉಂಟಾಗುವ ತೆರವು. ಮುಂಬದಿಯ ಅಂಚಿನಿಂದ ಹಿಂಬದಿಯವರೆಗೆ 24 ಸೆಂ.ಮೀ. ಇರುವ ಲ್ಯಾಪ್‌ಟಾಪಿನ ಹಿಂಬದಿಯು ವಿವಿಧ ಕೋನಗಳಲ್ಲಿ ಮೇಲೇರುವ ಎತ್ತರವು ಸುಮಾರಾಗಿ ಈ ಕೆಳಕಂಡಂತಿದೆ:

• 5 ಡಿಗ್ರಿ – 2 ಸೆಂ.ಮೀ.
• 10 ಡಿಗ್ರಿ – 4 ಸೆಂ.ಮೀ.
• 15 ಡಿಗ್ರಿ – 6 ಸೆಂ.ಮೀ.
• 20 ಡಿಗ್ರಿ – 8 ಸೆಂ.ಮೀ.
• 30 ಡಿಗ್ರಿ – 12 ಸೆಂ.ಮೀ.

ಮೊದಲ ಕೆಲವು ಡಿಗ್ರಿಗಳಲ್ಲಿಯೇ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಕಿಂಡಿಗಳಿಗೆ ಸಾಕಷ್ಟು ಗಾಳಿ ದೊರೆತ ಬಳಿಕ, ಫ್ಯಾನಿನ ಸಾಮರ್ಥ್ಯ ಮತ್ತು ಕಿಂಡಿಯ ಗಾತ್ರವೇ ಮಿತಿಯಾಗುವುದರಿಂದ, ಕೋನವನ್ನು ಮತ್ತಷ್ಟು ಹೆಚ್ಚಿಸಿದರೂ ತಂಪು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಿಂಬದಿ ಮೇಲೇರಿದಾಗ, ಹೊರಬಂದ ಬಿಸಿಗಾಳಿಯು ಮೇಜಿಗೆ ಬಡಿದು ಪುನಃ ತಳಕ್ಕೆ ಸೇರುವುದೂ ಕಡಿಮೆಯಾಗುತ್ತದೆ.

2020ರ ನವೆಂಬರ್‌ನಿಂದೀಚಿನ ಮ್ಯಾಕ್‌ಬುಕ್ ಏರ್‌ನಂತಹ ಕೆಲವು ಯಂತ್ರಗಳಲ್ಲಿ ಫ್ಯಾನ್ ಇರುವುದಿಲ್ಲ. ಇವು ಹೊರಮೈಯಿಂದಲೇ ಶಾಖವನ್ನು ಬಿಡುತ್ತವೆ. ಸಮತಟ್ಟಾದ ತಳದ ಅಡಿಯಲ್ಲಿ ಬಿಸಿಗಾಳಿ ಸಿಲುಕಿಕೊಳ್ಳುತ್ತದೆ. ತಳವು ಓರೆಯಾದಾಗ ಅದು ಮೇಲ್ಮುಖವಾಗಿ ಜಾರಿ ಹೊರಹೋಗುತ್ತದೆ.

ಸ್ಟ್ಯಾಂಡ್ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಸ್ಟ್ಯಾಂಡಿನ ಹಲಗೆಯು ತಳದ ಕಿಂಡಿಗಳನ್ನು ಮುಚ್ಚಬಾರದು. ಕಿಂಡಿ ಮುಚ್ಚುವ 20 ಡಿಗ್ರಿಯ ಸ್ಟ್ಯಾಂಡಿಗಿಂತ, ಕಿಂಡಿ ತೆರೆದಿರುವ 5 ಡಿಗ್ರಿಯ ಸ್ಟ್ಯಾಂಡ್ ಉತ್ತಮ.
2. ಅಲ್ಯೂಮಿನಿಯಂ ಸ್ಟ್ಯಾಂಡ್ ಶಾಖವನ್ನು ಹೀರಿಕೊಳ್ಳುತ್ತದೆಂಬ ನಂಬಿಕೆಯಿದೆ. ಯಂತ್ರವು ರಬ್ಬರ್ ಪಾದಗಳ ಮೇಲೆ ನಿಲ್ಲುವುದರಿಂದ ಲೋಹಕ್ಕೆ ಸಾಗುವ ಶಾಖ ಅತ್ಯಲ್ಪ. ಈ ಕಾರಣಕ್ಕಾಗಿ ಹೆಚ್ಚು ಹಣ ವ್ಯಯಿಸಬೇಕಾಗಿಲ್ಲ.
3. ಸ್ಟ್ಯಾಂಡ್ ಇಲ್ಲದವರು ಹಿಂಬದಿಯ ಎರಡು ಪಾದಗಳ ಕೆಳಗೆ ಸಮ ಎತ್ತರದ ಎರಡು ಪುಸ್ತಕ ಅಥವಾ ಮರದ ತುಂಡುಗಳನ್ನು ಇರಿಸಬಹುದು. ಯಂತ್ರವು ಜಾರದಂತೆ ಎಚ್ಚರ ವಹಿಸತಕ್ಕದ್ದು.
4. ಕೋನ ಹೆಚ್ಚಿದಂತೆ ಟೈಪ್ ಮಾಡುವಾಗ ಮಣಿಕಟ್ಟು ಮೇಲಕ್ಕೆ ಬಾಗಿ ನೋವುಂಟಾಗಬಹುದು. ಯಂತ್ರದ ಕೀಲಿಮಣೆಯನ್ನೇ ಬಳಸುವವರಿಗೆ 5ರಿಂದ 10 ಡಿಗ್ರಿ ಸಾಕಾಗುತ್ತದೆ. ಇನ್ನೂ ಎತ್ತರಿಸುವವರು ಪ್ರತ್ಯೇಕ ಕೀಲಿಮಣೆ ಬಳಸುವುದು ಸೂಕ್ತ.

ಸ್ಟ್ಯಾಂಡಿನ ಮಿತಿ

ಸ್ಟ್ಯಾಂಡ್ ಯಂತ್ರವನ್ನು ಕೊಠಡಿಯ ಉಷ್ಣಾಂಶಕ್ಕಿಂತ ತಂಪಾಗಿಸಲಾರದು. ಅನೇಕ ತಯಾರಕರು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣವನ್ನು ಮಾತ್ರ ಬಳಕೆಗೆ ಯೋಗ್ಯವೆಂದು ಸೂಚಿಸುತ್ತಾರೆ. ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ಇಂತಹ ಪ್ರದೇಶದವರು ಬೆಳಗಿನ ವೇಳೆಯಲ್ಲಿ ಅರ್ಜಿ ತುಂಬುವುದು ಮತ್ತು ಫ್ಯಾನಿನ ಗಾಳಿ ಬೀಸುವಲ್ಲಿ ಕುಳಿತುಕೊಳ್ಳುವುದು ಒಳಿತು. ಕಿಂಡಿಗಳಲ್ಲಿ ಧೂಳು ಕಟ್ಟಿದ್ದರೆ ಯಾವ ಕೋನವೂ ಪ್ರಯೋಜನಕ್ಕೆ ಬಾರದು. ಯಂತ್ರವನ್ನು ಆರಿಸಿ, ಚಾರ್ಜರ್ ತೆಗೆದು, ಮೃದುವಾದ ಬ್ರಷ್‌ನಿಂದ ಕಿಂಡಿಗಳನ್ನು ಶುಚಿಗೊಳಿಸತಕ್ಕದ್ದು.

ಸ್ವತಃ ಪರೀಕ್ಷಿಸುವ ವಿಧಾನ

ಒಂದೇ ಕೊಠಡಿಯಲ್ಲಿ, ಒಂದೇ ಕೆಲಸವನ್ನು 20 ನಿಮಿಷ ಯಂತ್ರವನ್ನು ಸಮತಟ್ಟಾಗಿರಿಸಿ ಮಾಡಬೇಕು. ಯಂತ್ರವು ತಣಿದ ಬಳಿಕ ಅದೇ ಕೆಲಸವನ್ನು ಓರೆಯಾಗಿರಿಸಿ 20 ನಿಮಿಷ ಮಾಡಬೇಕು. ಎರಡೂ ಸಲ ಚಾರ್ಜರ್ ಜೋಡಿಸಿರಬೇಕು ಅಥವಾ ಎರಡೂ ಸಲ ತೆಗೆದಿರಬೇಕು. ಉಷ್ಣಾಂಶ ತೋರಿಸುವ ತಂತ್ರಾಂಶವಿದ್ದಲ್ಲಿ ಅಂಕಿಗಳನ್ನು ಹೋಲಿಸಬಹುದು. ಇಲ್ಲದಿದ್ದಲ್ಲಿ ಫ್ಯಾನಿನ ಸದ್ದಿನಿಂದಲೇ ವ್ಯತ್ಯಾಸ ತಿಳಿಯುತ್ತದೆ.

ವಿಶೇಷ ಸೂಚನೆ

ಕಾದ ಯಂತ್ರವನ್ನು ದೀರ್ಘಕಾಲ ತೊಡೆಯ ಮೇಲಿರಿಸಿಕೊಂಡರೆ ಚರ್ಮದ ಮೇಲೆ ಕಲೆಗಳುಂಟಾಗಬಹುದು. ಅತಿಯಾದ ಶಾಖದಿಂದ ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಬ್ಯಾಟರಿ ಉಬ್ಬಿರುವುದು ಕಂಡುಬಂದಲ್ಲಿ ಬಳಕೆಯನ್ನು ತಕ್ಷಣ ನಿಲ್ಲಿಸಿ ಅಧಿಕೃತ ದುರಸ್ತಿ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ಅರ್ಜಿದಾರರು ಕೊನೆಯ ದಿನಾಂಕದವರೆಗೆ ಕಾಯದೆ, ಮುಂಚಿತವಾಗಿ ಅರ್ಜಿ ಸಲ್ಲಿಸಿ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಕೋರಲಾಗಿದೆ.